ಸಹಿಗೆ ಮುಂಚೆ ವ್ಯಾಕರಣ



ನಮ್ಮ ದುಡಿಯುವ ಕುಟುಂಬಗಳಲ್ಲಿ ಇಂಗ್ಲಿಷಿನ ವಿಷಯವಾಗಿ ಎರಡು ಮಾತುಗಳು ಓಡಾಡುತ್ತವೆ. ‘ಇಂಗ್ಲಿಷ್ ಬಂದವನೇ ದೊಡ್ಡವನು, ಬಾರದವನು ಕೂಲಿ’ ಎಂಬುದು ಒಂದು. ‘ನಮ್ಮ ಕಾಲ ಮುಗಿಯಿತು, ಇನ್ನು ಮಕ್ಕಳು ಕಲಿತರೆ ಸಾಕು’ ಎಂಬುದು ಇನ್ನೊಂದು. ಎರಡೂ ತಪ್ಪು ಎಂಬುದೇ ನನ್ನ ಅಭಿಪ್ರಾಯ. ಇಂಗ್ಲಿಷಿನಿಂದ ಯಾರೂ ದೊಡ್ಡವರಾಗುವುದಿಲ್ಲ. ಆದರೆ ನಾವು ಹೆಬ್ಬೆಟ್ಟು ಒತ್ತುವ ಕಾಗದ ಇಂಗ್ಲಿಷಿನಲ್ಲಿರುವ ತನಕ, ಆ ಕಾಗದ ಏನು ಹೇಳುತ್ತದೆಂದು ತಿಳಿಯುವಷ್ಟು ವ್ಯಾಕರಣ ದುಡಿಯುವ ಪ್ರತಿಯೊಬ್ಬರಿಗೂ ಬೇಕು. ಅಷ್ಟು ಕಲಿಯುವುದಕ್ಕೆ ಕಾಲೇಜೂ ಬೇಡ, ಚಿಕ್ಕ ವಯಸ್ಸೂ ಬೇಡ. ಹೆದರಿಕೆ ಬಿಟ್ಟರೆ ಸಾಕು.

ನಮ್ಮ ಜನರು ಇರುವ ಕಡೆಗಳನ್ನು ಒಮ್ಮೆ ನೆನೆಯಿರಿ. ಕೊಡಗು, ಚಿಕ್ಕಮಗಳೂರಿನ ಕಡೆ ‘ಎಸ್ಟೇಟ್’ ಎಂದರೆ ಕಾಫಿ ತೋಟ, ಲೈನು ಮನೆ. ಜಹೀರಾಬಾದಿನ ಕಡೆ ‘ಎಸ್ಟೇಟ್’ ಎಂದರೆ ಫ್ಯಾಕ್ಟರಿ ಸಾಲು, ಗೇಟು, ಗುತ್ತಿಗೆಯ ಪಾಸು. ತಾಂಡೂರಿನಲ್ಲಿ ಫರ್ಶಿ ಕಲ್ಲಿನ ಗಣಿ, ಪಾಲಿಶ್ ಮಾಡುವ ಶೆಡ್ಡು, ಸಿಮೆಂಟ್ ಕಾರ್ಖಾನೆ. ನಾರಾಯಣಖೇಡದಿಂದ ಕೆಲವರು ಕಬ್ಬು ಕಡಿಯಲು ಹೋಗುತ್ತಾರೆ, ಕೆಲವರು ಹೈದರಾಬಾದಿನ ಕಟ್ಟಡ ಕೆಲಸಕ್ಕೆ. ಕೆಲಸ ಬೇರೆ ಬೇರೆಯಾದರೂ ಕಾಗದ ಮಾತ್ರ ಒಂದೇ ಜಾತಿಯದು: ಸಂಬಳದ ಚೀಟಿ, ಮುಂಗಡದ ವೋಚರು, ಪಿ.ಎಫ್. ಫಾರಮು, ಕೆಲಸ ಬಿಡಿಸುವಾಗಿನ ಪತ್ರ. ಇವುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತವೆ.

ಈ ಗಡಿ ಸೀಮೆಯವರಿಗೆ ಇದು ಹೊಸದಲ್ಲ. ನಿಜಾಮರ ಕಾಲದಲ್ಲಿ ಕಚೇರಿಯ ಕಾಗದ ಉರ್ದುವಿನಲ್ಲಿತ್ತು. ಆಗ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರ ರಾಜ್ಯ ವಿಂಗಡಣೆಯಲ್ಲಿ ಈ ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಸೇರಿದವು, ಕಚೇರಿಯ ಕಾಗದ ತೆಲುಗಾಯಿತು. 2014ರಲ್ಲಿ ತೆಲಂಗಾಣವಾಯಿತು. ಕಾರ್ಖಾನೆಯ ಕಾಗದ ಇಂಗ್ಲಿಷಿನಲ್ಲೇ ಉಳಿಯಿತು. ಆಳುವವರು ಬದಲಾದರು, ಗಡಿಗಳು ಬದಲಾದವು. ಆದರೆ ಕನ್ನಡ ಮಾತಾಡುವ ಕೂಲಿಕಾರನ ಕೈಗೆ ಬಂದ ಕಾಗದ ಯಾವಾಗಲೂ ಇನ್ನೊಬ್ಬರ ಭಾಷೆಯದೇ ಆಗಿತ್ತು. ಜೀತದ ಕಾಲದಲ್ಲಿ ಸಾಲದ ಪತ್ರದಲ್ಲಿ ಏನು ಬರೆದಿದೆ ಎಂದು ಸಾಹುಕಾರನಿಗೆ ಗೊತ್ತಿತ್ತು, ದುಡಿಯುವವನಿಗೆ ಗೊತ್ತಿರಲಿಲ್ಲ. ಜೀತಪದ್ಧತಿ ರದ್ದು ಮಾಡುವ ಕಾನೂನು 1976ರಲ್ಲಿ ಬಂತು. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಪದ್ಧತಿಯನ್ನು ಮಾತ್ರ ಯಾವ ಕಾನೂನೂ ರದ್ದು ಮಾಡಲಾರದು. ಅದನ್ನು ನಾವೇ ರದ್ದು ಮಾಡಬೇಕು.

ಹೆದರಿಕೆ ಯಾತಕ್ಕೆ?

ನಮ್ಮ ಕಡೆಯ ಒಬ್ಬ ಸಾಧಾರಣ ತಾಯಿಯನ್ನು ನೋಡಿರಿ. ಮನೆಯಲ್ಲಿ ಕನ್ನಡ. ಬಸ್ಸಿನಲ್ಲಿ, ಮಂಡಲ ಕಚೇರಿಯಲ್ಲಿ ತೆಲುಗು. ಸಂತೆಯಲ್ಲಿ ದಖನಿ ಉರ್ದು. ಗಡಿಯಾಚೆ ನೆಂಟರಿದ್ದರೆ ನಾಲ್ಕು ಮಾತು ಮರಾಠಿ. ಒಂದು ದಿನವೂ ಶಾಲೆಗೆ ಹೋಗದೆ ಮೂರು ನಾಲ್ಕು ಭಾಷೆಯಲ್ಲಿ ಚೌಕಾಸಿ ಮಾಡುವ ಈ ತಾಯಿ ‘ನನಗೆ ಭಾಷೆ ಹತ್ತುವುದಿಲ್ಲ’ ಎಂದರೆ ನಂಬುವುದು ಹೇಗೆ?

ಇನ್ನೊಂದು ಸಂಗತಿ. ನಮ್ಮ ಕನ್ನಡದ ವ್ಯಾಕರಣ ಇಂಗ್ಲಿಷಿನದಕ್ಕಿಂತ ಸುಲಭವೇನೂ ಅಲ್ಲ. ನಾವು ಮಾಡುತ್ತೇನೆ, ಮಾಡುತ್ತೀ, ಮಾಡುತ್ತೀರಿ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತದೆ, ಮಾಡುತ್ತಾರೆ ಎನ್ನುತ್ತೇವೆ. ಇಷ್ಟಕ್ಕೆಲ್ಲ ಇಂಗ್ಲಿಷಿನಲ್ಲಿ ಇರುವುದು ಎರಡೇ ರೂಪ: ‘ಡು’ ಮತ್ತು ‘ಡಸ್’. ಏಳು ರೂಪಗಳನ್ನು ತೊಟ್ಟಿಲಲ್ಲಿದ್ದಾಗಲೇ ಕಲಿತವರಿಗೆ ಎರಡು ರೂಪ ಭಾರವೇ?

ದೊಡ್ಡವರಾದ ಮೇಲೆ ಬೇರೆ ಭಾಷೆಯ ವ್ಯಾಕರಣ ಬರುವುದಿಲ್ಲ ಎನ್ನುವವರು ಫರ್ಡಿನೆಂಡ್ ಕಿಟ್ಟೆಲರನ್ನು ನೆನೆಯಬೇಕು. ಬಾಸೆಲ್ ಮಿಷನ್ನಿನ ಈ ಜರ್ಮನ್ ಪಾದ್ರಿ 1853ರಲ್ಲಿ ನಮ್ಮ ನಾಡಿಗೆ ಬಂದರು. ಬಂದಾಗ ಹರೆಯದವರು, ಕನ್ನಡ ಅವರಿಗೆ ಪರಭಾಷೆ. ಅವರು ಕನ್ನಡ ಕಲಿತು, ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ, 1903ರಲ್ಲಿ ಕನ್ನಡದ ವ್ಯಾಕರಣವನ್ನೂ ಹೊರತಂದರು. ಪರದೇಶಿಯೊಬ್ಬರು ನಮ್ಮ ಏಳು ವಿಭಕ್ತಿಗಳನ್ನು ಕಲಿಯಲು ನಾಚಲಿಲ್ಲ. ಅವರ ಭಾಷೆಯ ನೆಂಟ ಭಾಷೆಯಾದ ಇಂಗ್ಲಿಷಿನ ಹತ್ತು ನಿಯಮಗಳನ್ನು ಕಲಿಯಲು ನಾವು ಯಾಕೆ ನಾಚಬೇಕು?

ಮೊದಲನೆಯ ಪಾಠ: ಯಾರು, ಯಾರಿಗೆ?

ಕನ್ನಡಕ್ಕೂ ಇಂಗ್ಲಿಷಿಗೂ ಇರುವ ದೊಡ್ಡ ಭೇದ ಇದು. ಕನ್ನಡದಲ್ಲಿ ಯಾರು ಯಾರಿಗೆ ಕೊಟ್ಟರು ಎಂಬುದನ್ನು ಪದದ ಬಾಲ ಹೇಳುತ್ತದೆ. ‘ಕಂಪನಿ ಕೆಲಸಗಾರನಿಗೆ ಕೊಡುತ್ತದೆ’ ಅನ್ನಿ, ‘ಕೆಲಸಗಾರನಿಗೆ ಕಂಪನಿ ಕೊಡುತ್ತದೆ’ ಅನ್ನಿ, ಅರ್ಥ ಒಂದೇ. ‘ಇಗೆ’ ಎಂಬ ಚತುರ್ಥಿ ವಿಭಕ್ತಿ ಎಲ್ಲಿ ಹೋದರೂ ಕೆಲಸಗಾರನ ಬೆನ್ನಿಗೇ ಇರುತ್ತದೆ.

ಇಂಗ್ಲಿಷಿನಲ್ಲಿ ಆ ಬಾಲ ಇಲ್ಲ. ಅಲ್ಲಿ ಪದ ಕೂತ ಜಾಗವೇ ಅರ್ಥ. ‘ದಿ ಕಂಪನಿ ಪೇಸ್ ದಿ ವರ್ಕರ್’ ಎಂದರೆ ಕಂಪನಿ ಕೆಲಸಗಾರನಿಗೆ ಕೊಡುತ್ತದೆ. ‘ದಿ ವರ್ಕರ್ ಪೇಸ್ ದಿ ಕಂಪನಿ’ ಎಂದರೆ ಕೆಲಸಗಾರ ಕಂಪನಿಗೆ ಕೊಡುತ್ತಾನೆ. ಪದಗಳು ಅವೇ, ಅಕ್ಷರಗಳು ಅವೇ. ಜಾಗ ಬದಲಾಯಿತು, ದುಡ್ಡು ಹೋಗುವ ದಾರಿ ತಿರುಗಿತು. ಇಂಗ್ಲಿಷ್ ವಾಕ್ಯದ ನಡೆ ಹೀಗೆ: ಮೊದಲು ಮಾಡುವವನು, ನಡುವೆ ಕ್ರಿಯೆ, ಆಮೇಲೆ ಕರ್ಮ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿ ನಡುವೆ ಬರುತ್ತದೆ. ಈ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ವ್ಯಾಕರಣ ಬಂದ ಹಾಗೆ.

ನಮ್ಮ ವಿಭಕ್ತಿಯ ಕೆಲಸವನ್ನು ಅಲ್ಲಿ ಪದದ ಮುಂದೆ ನಿಲ್ಲುವ ಚಿಕ್ಕ ಪದಗಳು ಮಾಡುತ್ತವೆ. ‘ಟು’ ಎಂದರೆ ನಮ್ಮ ‘ಗೆ’, ‘ಫ್ರಮ್’ ಎಂದರೆ ‘ಇಂದ’, ‘ಆಫ್’ ಎಂದರೆ ‘ಅ’, ‘ಇನ್’ ಎಂದರೆ ‘ಅಲ್ಲಿ’. ‘ಡ್ಯೂ ಟು ದಿ ವರ್ಕರ್’ ಎಂದಿದ್ದರೆ ಕೆಲಸಗಾರನಿಗೆ ಬರಬೇಕಾದ ಬಾಕಿ. ‘ಡ್ಯೂ ಫ್ರಮ್ ದಿ ವರ್ಕರ್’ ಎಂದಿದ್ದರೆ ಕೆಲಸಗಾರನಿಂದ ಬರಬೇಕಾದ ಬಾಕಿ. ಮುಂಗಡದ ಲೆಕ್ಕ ನೋಡುವಾಗ ಈ ‘ಟು’ ಮತ್ತು ‘ಫ್ರಮ್’ ಮೇಲೆ ಬೆರಳಿಟ್ಟು ನೋಡಿರಿ.

ಎರಡನೆಯ ಪಾಠ: ‘ಅರ್’ ಮತ್ತು ‘ಈ’

ಇಂಗ್ಲಿಷಿನಲ್ಲಿ ಮಾಡುವವನ ಹೆಸರಿನ ಕೊನೆಗೆ ‘ಅರ್’ ಬರುತ್ತದೆ. ಯಾರಿಗೆ ಮಾಡಲಾಯಿತೋ ಅವನ ಹೆಸರಿನ ಕೊನೆಗೆ ಅನೇಕ ಕಡೆ ‘ಈ’ ಬರುತ್ತದೆ. ‘ಎಂಪ್ಲಾಯರ್’ ಎಂದರೆ ಕೆಲಸಕ್ಕೆ ಇಟ್ಟುಕೊಂಡವನು, ‘ಎಂಪ್ಲಾಯೀ’ ಎಂದರೆ ಕೆಲಸಕ್ಕೆ ಸೇರಿದವನು. ‘ಪೇಯರ್’ ಕೊಡುವವನು, ‘ಪೇಯೀ’ ಪಡೆಯುವವನು. ಚೆಕ್ಕಿನ ಮೇಲೆ ಎರಡು ಗೆರೆ ಎಳೆದು ‘ಅಕೌಂಟ್ ಪೇಯೀ’ ಎಂದು ಬರೆದಿದ್ದರೆ ಹೆಸರಿರುವವನ ಖಾತೆಗೇ ದುಡ್ಡು ಹೋಗಬೇಕು, ಮೇಸ್ತ್ರಿಯ ಕೈಗೆ ಅಲ್ಲ. ಪಿ.ಎಫ್. ಫಾರಮಿನಲ್ಲಿ ನಾವು ‘ನಾಮಿನಿ’ ಅನ್ನುತ್ತೇವಲ್ಲ, ಅದೂ ಇದೇ ಬಳಗ: ಹೆಸರಿಸಲ್ಪಟ್ಟವರು. ಆ ಜಾಗದಲ್ಲಿ ಹೆಂಡತಿಯ ಹೆಸರು ಇದೆಯೋ, ಖಾಲಿ ಬಿಟ್ಟಿದೆಯೋ, ಈ ವಾರವೇ ನೋಡಿಕೊಳ್ಳಿರಿ.

ಕಾನೂನಿನ ಭಾಷೆಯೂ ಈ ವಿಷಯದಲ್ಲಿ ಸ್ವಲ್ಪ ಬದಲಾಗಿದೆ. 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ದುಡಿಯುವವನಿಗೆ ‘ವರ್ಕ್‌ಮನ್’ ಎಂಬ ಹೆಸರಿತ್ತು, ಅಂದರೆ ಕೆಲಸದ ಗಂಡಸು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ‘ವರ್ಕರ್’ ಎನ್ನುತ್ತದೆ. ಗಂಡಸಾಗಲಿ ಹೆಂಗಸಾಗಲಿ, ದುಡಿದವರು ಎಂದರ್ಥ. ‘ಹಿ’ ಎಂದು ಬರೆದ ಕಾನೂನು ನಮಗೆ ಅನ್ವಯಿಸುವುದಿಲ್ಲವೇನೋ ಎಂದು ನಮ್ಮ ಅಕ್ಕತಂಗಿಯರು ಚಿಂತೆ ಮಾಡಬೇಕಾಗಿಲ್ಲ. 1897ರ ಜನರಲ್ ಕ್ಲಾಸಸ್ ಆ್ಯಕ್ಟ್ ಎಂಬ ಹಳೆಯ ಕಾಯಿದೆಯ 13ನೇ ಕಲಮು ಇದನ್ನು ಬಗೆಹರಿಸಿದೆ. ಬೇರೆ ಅರ್ಥ ಬರುವ ಸಂದರ್ಭ ಬಿಟ್ಟರೆ, ಕಾನೂನಿನಲ್ಲಿ ಪುಲ್ಲಿಂಗವಿದ್ದರೆ ಸ್ತ್ರೀಯರೂ ಅದರಲ್ಲಿ ಸೇರುತ್ತಾರೆ, ಏಕವಚನವಿದ್ದರೆ ಬಹುವಚನವೂ ಸೇರುತ್ತದೆ. ವ್ಯಾಕರಣವನ್ನೇ ಕಾನೂನು ಮಾಡಿಟ್ಟಿದ್ದಾರೆ ನೋಡಿ!

ಮೂರನೆಯ ಪಾಠ: ಕೊಟ್ಟರೋ, ಕೊಡುವರೋ?

ಕಾಲವಾಚಕದ ವಿಷಯದಲ್ಲಿ ನಮ್ಮವರು ಹೆಚ್ಚು ಮೋಸ ಹೋಗುತ್ತಾರೆ. ‘ಪೇ’ ಎಂದರೆ ಕೊಡು, ‘ಪೇಡ್’ ಎಂದರೆ ಕೊಟ್ಟಾಯಿತು, ‘ವಿಲ್ ಬಿ ಪೇಡ್’ ಎಂದರೆ ಮುಂದೆ ಕೊಡಲಾಗುವುದು. ‘ರಿಸೀವ್’ ಎಂದರೆ ಪಡೆ, ‘ರಿಸೀವ್ಡ್’ ಎಂದರೆ ಪಡೆದೆನು. ಬರೆಯುವಾಗ ಕೊನೆಯಲ್ಲಿ ಒಂದೇ ಅಕ್ಷರ ಹೆಚ್ಚು. ಆ ಒಂದು ಅಕ್ಷರದಲ್ಲಿ ಒಂದು ತಿಂಗಳ ಬೆವರು ಇರುತ್ತದೆ.

ಸಂಘದ ಕೆಲಸದಲ್ಲಿ ನಾನು ನೋಡಿದ ಒಂದು ವೋಚರಿನ ವಿಷಯ ಹೇಳುತ್ತೇನೆ. ಕೆಲಸ ಬಿಡುವಾಗ ಒಬ್ಬ ಗುತ್ತಿಗೆದಾರ ಒಬ್ಬ ವಿಧವೆ ತಾಯಿಗೆ ಸ್ವಲ್ಪ ಹಣ ಕೊಟ್ಟು, ‘ಉಳಿದದ್ದು ಹಬ್ಬಕ್ಕೆ ಕೊಡುತ್ತೇನೆ, ಇಲ್ಲಿ ಒಂದು ಗುರುತು ಹಾಕಮ್ಮ’ ಎಂದು ಹೆಬ್ಬೆಟ್ಟು ತೆಗೆದುಕೊಂಡ. ಬಾಯಿಯಲ್ಲಿ ಹೇಳಿದ್ದು ಭವಿಷ್ಯತ್ಕಾಲ. ಕಾಗದದಲ್ಲಿ ಅಚ್ಚಾಗಿದ್ದದ್ದು ಭೂತಕಾಲ: ‘ರಿಸೀವ್ಡ್ ಇನ್ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’, ಅಂದರೆ ಪೂರ್ತಿಯಾಗಿ, ಕೊನೆಯದಾಗಿ ಲೆಕ್ಕ ಚುಕ್ತಾ ಆಗಿ ಹಣ ಪಡೆದೆನು. ಹಬ್ಬ ಬಂತು, ಹಣ ಬರಲಿಲ್ಲ. ಕೇಳಲು ಹೋದರೆ ವೋಚರು ತೋರಿಸಿದರು. ಆ ತಾಯಿಗೆ ದುಡಿಮೆ ಗೊತ್ತಿತ್ತು, ಲೆಕ್ಕ ಗೊತ್ತಿತ್ತು, ಸತ್ಯ ಗೊತ್ತಿತ್ತು. ಕಾಗದದ ಮೇಲಿನ ಕಾಲವಾಚಕ ಮಾತ್ರ ಗೊತ್ತಿರಲಿಲ್ಲ.

ಇಲ್ಲಿ ಕಾನೂನು ಸ್ವಲ್ಪ ನಮ್ಮ ಕಡೆ ಇದೆ. 2019ರ ವೇತನ ಸಂಹಿತೆ, ಇತರ ಮೂರು ಕಾರ್ಮಿಕ ಸಂಹಿತೆಗಳ ಜೊತೆಯಲ್ಲಿ, 2025ರ ನವೆಂಬರ್ 21ರಂದು ಜಾರಿಗೆ ಬಂತು. ಈ ನಾಲ್ಕು ಸಂಹಿತೆಗಳು 29 ಹಳೆಯ ಕಾನೂನುಗಳ ಜಾಗಕ್ಕೆ ಬಂದಿವೆ. ಅವುಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ತಕರಾರುಗಳು ಅನೇಕ ಇವೆ, ಅದು ಬೇರೆ ಮಾತು. ಆದರೆ ಇರುವ ಕಲಮುಗಳನ್ನು ನಾವು ಉಪಯೋಗಿಸಿಕೊಳ್ಳಬೇಕು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸದಿಂದ ತೆಗೆದರೆ ಅಥವಾ ಕೆಲಸ ಬಿಟ್ಟರೆ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಸಂಬಳ ಕೊಟ್ಟಿಲ್ಲವೆಂದು ದಾವೆ ಹಾಕಿದರೆ, ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊರೆ ಮಾಲೀಕನ ಮೇಲೆ ಇದೆ. ಆದರೆ ಅವನು ರುಜುವಾತಿಗೆ ತೋರಿಸುವುದು ಏನನ್ನು? ನಾವು ಗುರುತು ಹಾಕಿದ ಆ ‘ರಿಸೀವ್ಡ್’ ಕಾಗದವನ್ನೇ! ಆದುದರಿಂದ ಹಣ ಕೈಗೆ ಬರುವ ತನಕ ಭೂತಕಾಲಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ. ಬಂದದ್ದು ಅರ್ಧವಾದರೆ, ‘ರಿಸೀವ್ಡ್’ ಎಂಬುದರ ಪಕ್ಕದಲ್ಲಿ ಬಂದ ಮೊತ್ತವನ್ನೂ ತಾರೀಖನ್ನೂ ಅಂಕಿಯಲ್ಲಿ ಬರೆಸಿ, ‘ಪಾರ್ಟ್ ಪೇಮೆಂಟ್’ ಎಂದು ಸೇರಿಸಿ, ಆಮೇಲೆ ಸಹಿ ಹಾಕಿರಿ.

ನಾಲ್ಕನೆಯ ಪಾಠ: ‘ಶಲ್’ ಮತ್ತು ‘ಮೇ’

ಕಾನೂನಿನ ಇಂಗ್ಲಿಷಿನಲ್ಲಿ ‘ಶಲ್’ ಎಂದರೆ ಸಾಮಾನ್ಯವಾಗಿ ಮಾಡಲೇಬೇಕು, ‘ಮೇ’ ಎಂದರೆ ಮಾಡಬಹುದು, ಬಿಡಲೂಬಹುದು. ನಮ್ಮ ‘ಬೇಕು’ ಮತ್ತು ‘ಬಹುದು’ ಇವೇ. ವೇತನ ಸಂಹಿತೆಯ 50ನೇ ಕಲಮಿನಲ್ಲಿ ಮಾಲೀಕನು ಸಂಬಳದ ಚೀಟಿ ಕೊಡುವ ವಿಷಯದಲ್ಲಿ ‘ಶಲ್’ ಇದೆ. ಅಂದರೆ ಚೀಟಿ ಕೇಳುವುದು ನಮ್ಮ ಅಧಿಕಪ್ರಸಂಗವಲ್ಲ, ಕೊಡುವುದು ಅವನ ಕರ್ತವ್ಯ. ಬೇಸಾಯಕ್ಕೋ ಮನೆಗೆಲಸಕ್ಕೋ ಐದು ಜನರವರೆಗೆ ಇಟ್ಟುಕೊಂಡವರಿಗೆ ಮಾತ್ರ ಇದರಲ್ಲಿ ವಿನಾಯಿತಿ ಇದೆ. ನೋಟೀಸು ಬೋರ್ಡಿನಲ್ಲಿ ‘ಬೋನಸ್ ಮೇ ಬಿ ಗಿವನ್’ ಎಂದು ಕಂಡರೆ ಚಪ್ಪಾಳೆ ತಟ್ಟುವ ಮೊದಲು ‘ಮೇ’ಯನ್ನು ನೋಡಿರಿ.

ಇದರ ಜೊತೆಗೆ ಕೆಲವು ಚಿಕ್ಕ ಪದಗಳು. ‘ಇಫ್’ ಎಂದರೆ ‘ಮಾಡಿದರೆ’, ‘ಅನ್‌ಲೆಸ್’ ಎಂದರೆ ‘ಮಾಡದಿದ್ದರೆ’. ‘ಆ್ಯಂಡ್’ ಇದ್ದರೆ ಎರಡೂ ಬೇಕು, ‘ಆರ್’ ಇದ್ದರೆ ಒಂದು ಸಾಕು. ‘ನಾಟ್ ಲೆಸ್ ದ್ಯಾನ್’ ಎಂದರೆ ಅದಕ್ಕಿಂತ ಕಡಿಮೆ ಆಗಕೂಡದು, ‘ಅಪ್ ಟು’ ಎಂದರೆ ಅದಕ್ಕಿಂತ ಹೆಚ್ಚು ಆಗಕೂಡದು. ಓವರ್‌ಟೈಮಿನ ದರ ಮಾಮೂಲು ದರದ ಎರಡರಷ್ಟಕ್ಕೆ ಕಡಿಮೆ ಇರಕೂಡದು ಎಂದು ಸಂಹಿತೆ ಹೇಳುತ್ತದೆ, ಅದು ‘ನಾಟ್ ಲೆಸ್ ದ್ಯಾನ್’. ‘ಅಪ್ ಟು 500 ರೂಪಾಯಿ ಇನಾಮು’ ಎಂದು ಯಾರಾದರೂ ಬರೆದರೆ ಐದು ರೂಪಾಯಿ ಕೊಟ್ಟರೂ ಅವರ ಮಾತು ಸುಳ್ಳಾಗುವುದಿಲ್ಲ. ‘ಎ’, ‘ಆನ್’, ‘ದಿ’ ಎಂಬವುಗಳಿಗಾಗಿ ಈಗ ತಲೆ ಕೆಡಿಸಿಕೊಳ್ಳಬೇಡಿರಿ. ಕನ್ನಡದಲ್ಲಿ ಅವು ಇಲ್ಲ. ತಪ್ಪಿದರೆ ನಗುವವರು ನಗಲಿ, ಕೂಲಿ ಕಡಿಮೆಯಾಗುವುದಿಲ್ಲ.

ಐದನೆಯ ಪಾಠ: ಅಡಗಿಕೊಂಡ ಕರ್ತೃ

ಶಾಲೆಯಲ್ಲಿ ಕರ್ತರಿ, ಕರ್ಮಣಿ ಎಂದು ಕಲಿತದ್ದು ಕೆಲವರಿಗೆ ನೆನಪಿರಬಹುದು. ‘ಮ್ಯಾನೇಜರು ಇಬ್ಬರನ್ನು ಕೆಲಸದಿಂದ ತೆಗೆದರು’ ಎಂಬುದು ಕರ್ತರಿ. ‘ಇಬ್ಬರು ಕೆಲಸದಿಂದ ತೆಗೆಯಲ್ಪಟ್ಟರು’ ಎಂಬುದು ಕರ್ಮಣಿ. ಎರಡನೆಯದರಲ್ಲಿ ತೆಗೆದವರು ಯಾರು? ಮಾತಿನಿಂದ ಮಾಯ! ನಮ್ಮ ಆಡುಮಾತಿನಲ್ಲಿ ‘ಅಲ್ಪಟ್ಟಿತು’ ಎನ್ನುವವರು ಯಾರೂ ಇಲ್ಲ. ಹಳ್ಳಿಯ ಮನುಷ್ಯ ‘ಗೌಡ ಹೊಡೆದ’ ಎನ್ನುತ್ತಾನೆಯೇ ಹೊರತು ‘ನಾನು ಹೊಡೆಯಲ್ಪಟ್ಟೆ’ ಎನ್ನುವುದಿಲ್ಲ. ಆದರೆ ಆಫೀಸಿನ ಇಂಗ್ಲಿಷಿಗೆ ಕರ್ಮಣಿ ಪ್ರಯೋಗ ಬಹಳ ಪ್ರೀತಿ. ‘ಇಟ್ ಹ್ಯಾಸ್ ಬೀನ್ ಡಿಸೈಡೆಡ್’, ಅಂದರೆ ತೀರ್ಮಾನಿಸಲಾಗಿದೆ. ಯಾರು ತೀರ್ಮಾನಿಸಿದರು? ಯಾವ ಸಭೆಯಲ್ಲಿ? ನಮ್ಮ ಪ್ರತಿನಿಧಿ ಇದ್ದನೇ?

ಇಂಥ ವಾಕ್ಯ ಕಂಡಾಗ ‘ಬೈ’ ಎಂಬ ಪದವನ್ನು ಹುಡುಕಿರಿ. ಕರ್ಮಣಿಯಲ್ಲಿ ‘ಬೈ’ ಎಂದರೆ ನಮ್ಮ ‘ಇಂದ’. ‘ಬೈ’ ಇದ್ದರೆ ಕರ್ತೃ ಅಲ್ಲೇ ಇದ್ದಾನೆ. ಇಲ್ಲದಿದ್ದರೆ ಎದ್ದು ನಿಂತು ‘ಬೈ ಹೂಮ್?’ ಎಂದು ಕೇಳಿರಿ, ‘ಯಾರಿಂದ, ಸ್ವಾಮಿ?’ ಎಂದು ಅರ್ಥ. ವ್ಯಾಕರಣದ ಮೊದಲ ಪ್ರಶ್ನೆಯೂ ‘ಯಾರು’, ಸಂಘದ ಮೊದಲ ಪ್ರಶ್ನೆಯೂ ‘ಯಾರು’. ಏದೆನ್ ತೋಟದಲ್ಲಿ ಆದಾಮನು ಮರಗಳ ಮರೆಯಲ್ಲಿ ಅಡಗಿದಾಗ ದೇವರು ಕೇಳಿದ್ದೂ ಇಂಥದೇ ಪ್ರಶ್ನೆ. ಅಡಗಿದವರನ್ನು ಹೆಸರು ಹಿಡಿದು ಕರೆಯುವುದು ದೇವರ ರೀತಿ.

ಮನಸ್ಸಿನ ವ್ಯಾಕರಣ

ಇಷ್ಟು ಕಾಗದದ ಮಾತಾಯಿತು. ಇದಕ್ಕಿಂತ ಆಳವಾದದ್ದು ಮನಸ್ಸಿನ ಮಾತು. ಕನ್ನಡದಲ್ಲಿ ದೊಡ್ಡವರಿಗೆ ‘ನೀವು’, ಚಿಕ್ಕವರಿಗೆ ‘ನೀನು’. ಮರ್ಯಾದೆಗೆ ಒಳ್ಳೆಯದೇ. ಆದರೆ ಎಪ್ಪತ್ತು ವರ್ಷದ ಕೂಲಿಕಾರನಿಗೆ ಇಪ್ಪತ್ತೈದರ ಗುಮಾಸ್ತ ‘ನೀನು’ ಎನ್ನುವುದೂ, ಆ ಅಜ್ಜ ಅವನಿಗೆ ‘ತಾವು’ ಎನ್ನುವುದೂ ಇದೇ ಭಾಷೆಯಲ್ಲೇ ನಡೆಯುತ್ತದೆ. ಇಂಗ್ಲಿಷಿನಲ್ಲಿ ಇಬ್ಬರಿಗೂ ‘ಯೂ’. ಮತ್ತೂ ನೋಡಿರಿ, ‘ನಾನು’ ಎಂಬ ಅರ್ಥದ ‘ಐ’ ವಾಕ್ಯದಲ್ಲಿ ಎಲ್ಲಿ ಬಂದರೂ ದೊಡ್ಡಕ್ಷರದಲ್ಲೇ ಬರೆಯಬೇಕು, ಬರೆಯುವವನು ಮ್ಯಾನೇಜರಾಗಲಿ ಕಸ ಗುಡಿಸುವವಳಾಗಲಿ. ಅದಕ್ಕಾಗಿ ನಾವು ಇಂಗ್ಲಿಷನ್ನು ಹೊಗಳಬೇಕಾಗಿಲ್ಲ. ಆ ಭಾಷೆಯವರೇ ನಮ್ಮವರನ್ನು ಕಪ್ಪು ಕೂಲಿಗಳೆಂದು ಹಡಗಿಗೆ ಹತ್ತಿಸಿದರು. ‘ಕೂಲಿ’ ಎಂಬ ಮಾತನ್ನೇ ನೋಡಿರಿ. ಕನ್ನಡದಲ್ಲೂ ತಮಿಳಿನಲ್ಲೂ ಅದು ದುಡಿಮೆಗೆ ಸಲ್ಲುವ ಹಣ. ಇಂಗ್ಲಿಷಿಗೆ ಹೋಗಿ ಅದೇ ಮಾತು ಮನುಷ್ಯನನ್ನು ಹೀನಾಯವಾಗಿ ಕರೆಯುವ ಬೈಗುಳವಾಯಿತು ಎಂದು ಅನೇಕ ಪಂಡಿತರ ಅಭಿಪ್ರಾಯ. ದುಡ್ಡಿನ ಹೆಸರನ್ನು ಮನುಷ್ಯನಿಗೆ ಅಂಟಿಸಿದರು. ಈಗ ನಾವೂ ನಮ್ಮ ಮಕ್ಕಳ ಮುಂದೆ ‘ನಾವು ಕೂಲಿ ಜನ’ ಎಂದು ತಲೆ ಬಗ್ಗಿಸುತ್ತೇವೆ. ನಾವು ಕೂಲಿ ಅಲ್ಲ, ಕೂಲಿ ನಮ್ಮದು. ಈ ಭೇದವನ್ನು ಮಕ್ಕಳಿಗೆ ಕಲಿಸಿರಿ.

ಅರ್ಜಿ ಬರೆಯುವ ರೀತಿಯೂ ಹಾಗೆಯೇ. ಹಳೆಯ ಮಾದರಿಯ ಅರ್ಜಿಯಲ್ಲಿ ‘ಐ ಬೆಗ್ ಟು ಸ್ಟೇಟ್’ ಎಂದು ಶುರು, ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಎಂದು ಮುಗಿತಾಯ. ಬರಬೇಕಾದ ಸಂಬಳ ಕೇಳಲು ಭಿಕ್ಷೆಯ ಕ್ರಿಯಾಪದ ಯಾತಕ್ಕೆ? ‘ಐ ಆ್ಯಮ್ ಎಂಟೈಟಲ್ಡ್ ಟು’, ಅಂದರೆ ‘ಇದಕ್ಕೆ ನಾನು ಹಕ್ಕುದಾರ’ ಎಂದು ಬರೆಯಿರಿ. ‘ಪ್ಲೀಸ್’ ಇರಲಿ, ಸೌಜನ್ಯ ಬೇಕು. ‘ಬೆಗ್’ ಬೇಡ. ನಮ್ಮ ಕನ್ನಡದಲ್ಲೂ ಇದನ್ನು ತಿದ್ದಬೇಕು. ‘ಬೇಡಿಕೆ ಪಟ್ಟಿ’ ಎನ್ನುತ್ತೇವೆ. ‘ಬೇಡು’ ಎಂಬುದು ಅದರ ಧಾತು. ದೇವರ ಮುಂದೆ ಬೇಡೋಣ, ಅಲ್ಲಿ ನಾಚಿಕೆಯಿಲ್ಲ. ಮಾಲೀಕನ ಮುಂದೆ ‘ಹಕ್ಕೊತ್ತಾಯ’ ಎಂಬ ಒಳ್ಳೆಯ ಮಾತು ಇದೆ, ಅದನ್ನು ಬಳಸೋಣ.

ಇದು ಗರ್ವದ ಪಾಠವೆಂದು ತಿಳಿಯಬೇಡಿರಿ. ದುಡಿಮೆಗೆ ಗೌರವ ಕೊಡುವುದು ಈ ನೆಲದ ಹಳೆಯ ಪಾಠ. ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಬಸವಣ್ಣನವರೂ ಶರಣರೂ ಕಾಯಕದ ಮಾತು ಹೇಳಿದರು. ನಮ್ಮ ಕರ್ತನು ತಾನೇ ಬಡಗಿಯ ಮನೆಯಲ್ಲಿ ಬೆಳೆದನು. ಕೆಲಸವನ್ನು ಚೊಕ್ಕಟವಾಗಿ ಮಾಡುವುದು, ಹೊತ್ತಿಗೆ ಸರಿಯಾಗಿ ಹೋಗುವುದು, ಹತ್ಯಾರವನ್ನು ಜೋಪಾನವಾಗಿ ಇಡುವುದು ನಮ್ಮ ಧರ್ಮ. ಅಷ್ಟೇ ಧರ್ಮ ಕೂಲಿಯನ್ನು ಲೆಕ್ಕ ಹಾಕಿ ಪಡೆಯುವುದು. ಮತ್ತಾಯ 20ನೇ ಅಧ್ಯಾಯದ ದ್ರಾಕ್ಷಿತೋಟದ ಯಜಮಾನ ಮೊದಲು ಬಂದವರೊಂದಿಗೆ ದಿನಗೂಲಿ ಎಷ್ಟೆಂದು ಗೊತ್ತುಮಾಡಿಕೊಂಡೇ ಕೆಲಸಕ್ಕೆ ಕಳುಹಿಸಿದನು, ಸಂಜೆಯೇ ಕೂಲಿ ಕೊಡಿಸಿದನು. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ 19ರಲ್ಲಿ ವಿಧಿಯಿದೆ. ಹಿಡಿದಿಟ್ಟ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ.

‘ಸಭೆಯಲ್ಲಿ ವ್ಯಾಕರಣವೇ?’

ಕೆಲವು ಹಿರಿಯರು ಹೀಗೆ ಕೇಳಬಹುದು. ಧಾರೂರಿನಲ್ಲಿ 1923ರಿಂದ ನಡೆದು ಬಂದ ಮೆಥೋಡಿಸ್ಟ್ ಜಾತ್ರೆಗೆ ಪ್ರತಿ ನವೆಂಬರಿನಲ್ಲಿ ಬೀದರ್, ಕಲಬುರಗಿ ಕಡೆಯಿಂದಲೂ ಗಂಟುಮೂಟೆ ಕಟ್ಟಿಕೊಂಡು ಬರುವವರು ನಾವು. ಆ ಮೆಥೋಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ ಏನು ಮಾಡಿದರೆಂದು ತಿಳಿಯೋಣ. 1739ರಲ್ಲಿ ಅವರು ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್ಡಿನಲ್ಲಿ ಕಲ್ಲಿದ್ದಲು ಗಣಿಯ ಕೆಲಸಗಾರರಿಗೆ ಬಯಲಿನಲ್ಲಿ ನಿಂತು ಸುವಾರ್ತೆ ಸಾರಿದರು. 1748ರಲ್ಲಿ ಅದೇ ಕಿಂಗ್ಸ್‌ವುಡ್ಡಿನಲ್ಲಿ ಶಾಲೆ ತೆರೆದರು. ಅದೇ ವರ್ಷ ತಾವೇ ಒಂದು ಪುಟ್ಟ ಇಂಗ್ಲಿಷ್ ವ್ಯಾಕರಣವನ್ನು ಅಚ್ಚು ಹಾಕಿಸಿದರು! ಸುವಾರ್ತೆ ಸಾರಿದ ಕೈಯೇ ವ್ಯಾಕರಣವನ್ನೂ ಬರೆಯಿತು. ನೆಹೆಮೀಯನ ಕಾಲದಲ್ಲಿ ಧರ್ಮಶಾಸ್ತ್ರವನ್ನು ಜನರ ಮುಂದೆ ಬರೀ ಓದಿ ಬಿಡಲಿಲ್ಲ, ಅವರಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿದರೆಂದು ಬೈಬಲ್ಲಿನಲ್ಲೇ ಇದೆ.

ಇದೇ ಸಭೆಯಿಂದ ಇನ್ನೊಂದು ಮೇಲ್ಪಂಕ್ತಿ. ಇಂಗ್ಲೆಂಡಿನ ಟಾಲ್‌ಪಡಲ್ ಎಂಬ ಹಳ್ಳಿಯಲ್ಲಿ ಹೊಲದ ಕೂಲಿಗಾರರ ವಾರದ ಕೂಲಿ 9 ಶಿಲ್ಲಿಂಗಿನಿಂದ 8ಕ್ಕೆ, 8ರಿಂದ 7ಕ್ಕೆ ಇಳಿಯಿತು. 6ಕ್ಕೆ ಇಳಿಸುವ ಬೆದರಿಕೆ ಬಂತು. ಆಗ ಜಾರ್ಜ್ ಲವ್‌ಲೆಸ್ ಎಂಬ ಕೂಲಿಗಾರ, ಮೆಥೋಡಿಸ್ಟ್ ಬೋಧಕ, ನೆರೆಯವರನ್ನು ಸೇರಿಸಿ ಸಂಘ ಕಟ್ಟಿದನು. 1834ರಲ್ಲಿ ಆರು ಮಂದಿಗೆ ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡಿಪಾರಿನ ಶಿಕ್ಷೆಯಾಯಿತು. ಸಂಘ ಕಟ್ಟಿದ್ದು ಅಪರಾಧವಲ್ಲ, ಆದುದರಿಂದ ‘ಗುಪ್ತ ಪ್ರಮಾಣ ಮಾಡಿದರು’ ಎಂದು ಬೇರೆ ಯಾವುದೋ ಹಳೆಯ ಕಾನೂನಿನ ಮಾತನ್ನು ಹಿಡಿದು ಶಿಕ್ಷೆ ಕೊಟ್ಟರು. ಕಾನೂನಿನ ಮಾತುಗಳ ಮೇಲೆ ಒಡೆತನ ಯಾರದೋ ಬಲ ಅವರದು ಎಂಬುದಕ್ಕೆ ಇದು ಸಾಕ್ಷಿ. ಓದು ಬಲ್ಲ ಲವ್‌ಲೆಸ್‌ನನ್ನು ಓದೊಂದೇ ಬಿಡಿಸಲಿಲ್ಲ ಎಂಬುದಕ್ಕೂ ಇದು ಸಾಕ್ಷಿ. ಲಂಡನ್ನಿನಲ್ಲಿ ಸಾವಿರಾರು ಕೆಲಸಗಾರರು ಮೆರವಣಿಗೆ ಹೊರಟರು, ಮನವಿಗಳ ಮೇಲೆ ಮನವಿ ಹೋದವು, 1836ರಲ್ಲಿ ಸರಕಾರ ಕ್ಷಮಾದಾನ ಕೊಡಬೇಕಾಯಿತು. ಆದುದರಿಂದ ವ್ಯಾಕರಣವನ್ನು ಸಂಘದ ಬದಲಿಗೆ ಕಲಿಯಿರಿ ಎಂದು ನಾನು ಹೇಳುವುದಿಲ್ಲ. ಸಂಘದ ಜೊತೆಗೆ ಕಲಿಯಿರಿ ಎನ್ನುತ್ತೇನೆ.

ಹಾಗೆಯೇ ಕನ್ನಡವನ್ನು ಬಿಡಿರಿ ಎಂದೂ ಹೇಳುವುದಿಲ್ಲ. ನಮಗೆ ತಿಳಿಯುವ ಭಾಷೆಯಲ್ಲಿ ಕಾಗದ ಕೊಡಬೇಕೆಂಬ ಹಕ್ಕೊತ್ತಾಯ ನಡೆಯುತ್ತಲೇ ಇರಬೇಕು. 1936ರ ವೇತನ ಪಾವತಿ ಕಾಯಿದೆಯಲ್ಲೇ ಕಾನೂನಿನ ಸಾರಾಂಶವನ್ನು ಇಂಗ್ಲಿಷಿನಲ್ಲೂ, ಕೆಲಸಗಾರರಲ್ಲಿ ಹೆಚ್ಚಿನವರ ಭಾಷೆಯಲ್ಲೂ ಗೋಡೆಗೆ ಹಾಕಬೇಕೆಂಬ ವಿಧಿ ಇತ್ತು. ಕನ್ನಡ, ತೆಲುಗು ಚೀಟಿ ಕೇಳೋಣ. ಅದು ಸಿಗುವ ತನಕ ಇಂಗ್ಲಿಷ್ ಚೀಟಿಯನ್ನು ಓದೋಣ. ಒಂದು ಕೈಯಲ್ಲಿ ಕೇಳುವುದು, ಇನ್ನೊಂದು ಕೈಯಲ್ಲಿ ಕಲಿಯುವುದು.

ಏನು ಮಾಡಬೇಕು?

ನನ್ನ ಸೂಚನೆ ಬಹಳ ದೊಡ್ಡದಲ್ಲ. ಪ್ರತಿ ಸಭೆಯಲ್ಲಿ, ಪ್ರತಿ ಲೈನಿನಲ್ಲಿ, ಭಾನುವಾರ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಕೂತುಕೊಳ್ಳೋಣ. ಪಠ್ಯಪುಸ್ತಕ ಬೇಡ, ನಮ್ಮ ಮನೆಯ ಕಾಗದವೇ ಪುಸ್ತಕ. ಮೊದಲ ವಾರ ಸಂಬಳದ ಚೀಟಿ, ಎರಡನೆಯ ವಾರ ಮುಂಗಡದ ವೋಚರು, ಮೂರನೆಯ ವಾರ ಪಿ.ಎಫ್. ಫಾರಮು, ನಾಲ್ಕನೆಯ ವಾರ ಗೇಟಿನ ನೋಟೀಸು. ಮೊತ್ತ, ಹೆಸರು ಮುಚ್ಚಿಟ್ಟು ಓದಬಹುದು, ಯಾರ ಗುಟ್ಟೂ ಹೊರಗೆ ಬೀಳಬೇಕಾಗಿಲ್ಲ. ಹತ್ತನೇ ತರಗತಿಯ ಹುಡುಗ ಹುಡುಗಿಯರು ಓದಿ ಹೇಳಲಿ, ದೊಡ್ಡವರು ಐದೇ ಪ್ರಶ್ನೆ ಕೇಳಲಿ: ಯಾರು? ಯಾರಿಗೆ? ಆಯಿತೋ, ಆಗುವುದೋ? ಬೇಕೋ, ಬಹುದೋ? ಯಾರಿಂದ? ಮಕ್ಕಳಿಗೆ ಇಂಗ್ಲಿಷ್ ಗೊತ್ತು, ದೊಡ್ಡವರಿಗೆ ಕೆಲಸ ಗೊತ್ತು. ಇಬ್ಬರೂ ಕೂಡಿದರೆ ಕಾಗದ ಪೂರ್ತಿ ಅರ್ಥವಾಗುತ್ತದೆ. ತಾಯಂದಿರು ಮುಂದಿನ ಸಾಲಿನಲ್ಲೇ ಕೂರಲಿ, ಯಾಕೆಂದರೆ ಮನೆಯ ಲೆಕ್ಕ ಅವರ ಕೈಯಲ್ಲಿದೆ.

ಓದು ಬಾರದವರು ಮುಂದೆ ಹೀಗೆ ಮಾಡಲಿ: ಯಾವ ಕಾಗದ ಮುಂದೆ ಬಂದರೂ ‘ಓದಿಸಿಕೊಂಡು ಬಂದು ಗುರುತು ಹಾಕುತ್ತೇನೆ, ಒಂದು ಪ್ರತಿ ಕೊಡಿ’ ಎಂದು ಹೇಳುವುದು. ಅವಸರ ಮಾಡುವವರ ಕಾಗದವನ್ನೇ ಮೊದಲು ಓದಿಸಬೇಕು. ಹೌದಾದದ್ದನ್ನು ಹೌದು, ಅಲ್ಲದ್ದನ್ನು ಅಲ್ಲ ಎನ್ನುವ ಮಾತು ನಮ್ಮದಾಗಿರಬೇಕೆಂದು ಕರ್ತನು ಬೆಟ್ಟದ ಮೇಲೆ ಕಲಿಸಿದ್ದಾನೆ. ಸಹಿ ಎಂಬುದು ನಮ್ಮ ‘ಹೌದು’. ಏನಕ್ಕೆ ಹೌದು ಎನ್ನುತ್ತಿದ್ದೇವೆಂದು ತಿಳಿಯದೆ ಹೌದು ಎನ್ನುವುದು ದುಡಿಯುವವರಿಗೂ ಸಲ್ಲದು, ವಿಶ್ವಾಸಿಗಳಿಗೂ ಸಲ್ಲದು.